ಹೊತ್ತುಗೊತ್ತು ನೋಡುವ ಹಾರ್ಮೋನು

ಹೋದ ತಿಂಗಳು ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿ ಅತ್ತಿಗೆ. ಅವರಿಗೆ ನಲವತ್ತೆಂಟು ವರ್ಷ. ಮುಟ್ಟು ನಿಲ್ಲುವ ಕಾಲದ ಬಿಸಿ, ಬೆವರು, ನಿದ್ದೆಗೇಡು ಎಲ್ಲ ಶುರುವಾಗಿದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಹಾರ್ಮೋನ್ ಮಾತ್ರೆ ತಗೊಂಡ್ರೆ ಲಕ್ವ ಹತ್ರಾನೂ ಸುಳಿಯಲ್ವಂತೆ, ಹೌದೇನೇ?" ಎಂದರು. ಎದುರು ಸಾಲಿನಲ್ಲಿದ್ದ ಅವರ ಅಕ್ಕ ಸುಮ್ಮನಿರಲಿಲ್ಲ. "ಅಯ್ಯೋ, ತಗೊಂಡ್ರೇನೇ ಲಕ್ವ ಹೊಡೆಯೋದು ಕಣೇ. ನಮ್ಮ ಡಾಕ್ಟರು ಬೇಡವೇ ಬೇಡ ಅಂದಿದಾರೆ." ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡಿದರು. ನಿಮ್ಮಿಬ್ಬರ ಮಾತಿಗೂ ಆಧಾರವಿದೆ ಎಂದೆ. ಅದು ಇಬ್ಬರಿಗೂ ಹಿಡಿಸಲಿಲ್ಲ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಾಗಿರಲಿಲ್ಲ ಅದು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲಕ್ವ ಕೈಕಾಲಿನ ಕಾಯಿಲೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಬಿದ್ದುಹೋದ ಕೈಗೆ ಎಣ್ಣೆ ತಿಕ್ಕುತ್ತಾರೆ, ಕೆಲವು ಊರುಗಳಲ್ಲಿ ಪಾರಿವಾಳದ ರಕ್ತ ಹಚ್ಚುವುದೂ ಉಂಟು. ಏಟು ಬಿದ್ದಿರುವುದು ಮಾತ್ರ ಮಿದುಳಿಗೆ. ಹೆಚ್ಚಿನ ಸಲ ಮಿದುಳಿನ ಒಂದು ರಕ್ತನಾಳಕ್ಕೆ ಹೆಪ್ಪು ಅಡ್ಡ ಕೂತಿರುತ್ತದೆ, ಉಳಿದ ಸಲ ನಾಳವೇ ಒಡೆದಿರುತ್ತದೆ. ಇಲ್ಲಿ ಹೇಳಹೊರಟಿರುವುದು ಹೆಪ್ಪಿನ ಲಕ್ವದ ಮಾತು.

ಕಾಲುವೆಗೆ ಕಸ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಗದ್ದೆ ಮಾಡಿದವರಿಗೆ ಗೊತ್ತು. ಆ ಕಾಲುವೆಯನ್ನೇ ನೆಚ್ಚಿದ ಮಡಿ ಮೊದಲು ಒಣಗುತ್ತದೆ. ಸುತ್ತಲಿನ ಮಡಿಗಳಿಗೆ ಅಕ್ಕಪಕ್ಕದ ಕಾಲುವೆಗಳಿಂದ ಒಂದಿಷ್ಟು ಬಸಿನೀರು ಬರುತ್ತಿರುವುದರಿಂದ ಅಲ್ಲಿನ ಪೈರು ಬಾಡುತ್ತದೆ, ಆದರೆ ಕೂಡಲೇ ಸಾಯುವುದಿಲ್ಲ. ಮಿದುಳಿನಲ್ಲೂ ನಡುವೆ ನಿಮಿಷಗಳಲ್ಲೇ ಸಾಯುವ ಒಂದು ಭಾಗ, ಅದರ ಸುತ್ತ ಬಾಡಿ ನಿಂತ ಇನ್ನೊಂದು ಭಾಗ. 1981ರಲ್ಲಿ ಆಸ್ಟ್ರಪ್, ಸೀಶೋ, ಸೈಮನ್ ಎಂಬ ಮೂವರು ವಿಜ್ಞಾನಿಗಳು ಈ ಸುತ್ತಲ ಭಾಗದ ಬಗ್ಗೆ ಬರೆದಾಗ ಅದಕ್ಕೆ ಗ್ರಹಣದ ಅರೆನೆರಳಿನ ಹೆಸರಿತ್ತು: ಪೆನಂಬ್ರ. ಲಕ್ವದ ಚಿಕಿತ್ಸೆಯೆಲ್ಲ ನಡೆಯುವುದು ಈ ಅರೆನೆರಳಿನೊಳಗೆ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಹೋಗುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು ಇರುವುದು ಇದೇ ಕಾರಣಕ್ಕೆ.

ಹೆಪ್ಪು ತೆಗೆದರೆ ಕಾಲುವೆ ಬಿಚ್ಚಿದಂತಾಯಿತು. ಅಷ್ಟು ಹೊತ್ತು ಪೈರು ಜೀವ ಹಿಡಿದಿರುವಂತೆ ಮಾಡಬಹುದೇ? ಈ ಪ್ರಶ್ನೆಯ ಹಿಂದೆ ಬಿದ್ದವರು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಔಷಧಿ ಮತ್ತು ಉಪಾಯಗಳನ್ನು 2006ರಲ್ಲಿ ಯಾರೋ ಕೂತು ಎಣಿಸಿದರು. 1,026 ಸಿಕ್ಕವು. ಇಲಿಯಲ್ಲಿ ಗೆದ್ದವು ಬಹಳ, ಮನುಷ್ಯರಲ್ಲಿ ಗೆದ್ದು ಆಸ್ಪತ್ರೆಯ ಕಪಾಟು ಸೇರಿದವು ಇಲ್ಲವೆನ್ನುವಷ್ಟು ಕಡಿಮೆ. ಆ ದೊಡ್ಡ ಸಾಲಿನಲ್ಲಿ, ಅತ್ತಿಗೆ ಕೇಳಿದ ಮಾತ್ರೆಯಲ್ಲಿರುವ ಹಾರ್ಮೋನಾದ ಈಸ್ಟ್ರೋಜೆನ್ನಿನ ಕಥೆಯೇ ಬೇರೆ. ಅದನ್ನು ಯಾರೂ ಹೊಸದಾಗಿ ತಯಾರಿಸಬೇಕಾಗಿರಲಿಲ್ಲ. ಮೈಯಲ್ಲೇ ಇತ್ತು.

ಸುಳಿವು ಕೊಟ್ಟದ್ದು ಜರ್ಬಿಲ್ ಎಂಬ ಮರುಭೂಮಿಯ ಇಲಿ. 1991ರಲ್ಲಿ ಒಂದು ಔಷಧಿ ಕಂಪನಿಯ ಸಂಶೋಧಕರು ಜರ್ಬಿಲ್‌ಗಳ ಕುತ್ತಿಗೆಯ ರಕ್ತನಾಳ ಬಿಗಿದು ನೋಡಿದಾಗ ಗಂಡುಗಳಿಗಿಂತ ಹೆಣ್ಣುಗಳ ಮಿದುಳಿಗೆ ಹಾನಿ ಕಡಿಮೆಯಾಗಿತ್ತು. ಅಲ್ಲಿಯ ತನಕ ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಗಂಡು ಪ್ರಾಣಿಗಳನ್ನೇ ಬಳಸುತ್ತಿದ್ದರು. ಹೆಣ್ಣಿನ ಹಾರ್ಮೋನು ಚಕ್ರದ ಏರಿಳಿತ ಲೆಕ್ಕ ಕೆಡಿಸುತ್ತದೆ ಎಂಬ ಸಬೂಬು. ಲೆಕ್ಕ ಕೆಡಿಸುತ್ತದೆ ಎಂದು ಬದಿಗಿಟ್ಟದ್ದರಲ್ಲೇ ಉತ್ತರವಿತ್ತು. ಆಮೇಲಿನ ಕೆಲವು ವರ್ಷಗಳಲ್ಲಿ ಜೇಮ್ಸ್ ಸಿಂಪ್ಕಿನ್ಸ್, ಪೆಟ್ರೀಷಿಯಾ ಹರ್ನ್, ಫಿಲಿಸ್ ವೈಸ್ ಮೊದಲಾದವರ ತಂಡಗಳು ಒಂದರ ಹಿಂದೊಂದು ಪ್ರಯೋಗ ನಡೆಸಿದವು. ಹೆಣ್ಣು ಇಲಿಯ ಅಂಡಾಶಯ ತೆಗೆದರೆ ಅದರ ಮಿದುಳಿಗೂ ಗಂಡಿನಷ್ಟೇ ಪೆಟ್ಟಾಗುತ್ತದೆ. ಅಂಡಾಶಯ ತೆಗೆದ ಇಲಿಗೆ ಎಸ್ಟ್ರಡೈಯಾಲ್, ಅಂದರೆ ಈಸ್ಟ್ರೋಜೆನ್ ಬಳಗದ ಅತಿ ಪ್ರಬಲ ಸದಸ್ಯ, ಅದನ್ನು ಮೊದಲೇ ಕೊಟ್ಟಿದ್ದರೆ ಸತ್ತ ಭಾಗ ಮತ್ತೆ ಚಿಕ್ಕದಾಗುತ್ತದೆ. ಚಕ್ರದ ಯಾವ ದಿನ ಏಟು ಬಿತ್ತು ಎಂಬುದರ ಮೇಲೂ ಹಾನಿ ಹೆಚ್ಚುಕಡಿಮೆಯಾಗುತ್ತದೆ. ಈಸ್ಟ್ರೋಜೆನ್ ಉಕ್ಕುವ ದಿನಗಳಲ್ಲಿ ಕಡಿಮೆ.

ಅದು ಹೇಗೆ ಕಾಪಾಡುತ್ತದೆ? ಈ ಭಾಗ ಸ್ವಲ್ಪ ಜಟಿಲ, ಆದರೆ ಇದೇ ನನಗೆ ಬಹಳ ಇಷ್ಟ.

ರಕ್ತ ನಿಂತೊಡನೆ ನರಕೋಶದ ಒಲೆ ಆರುತ್ತದೆ. ಉಪ್ಪಿನ ಕಣಗಳನ್ನು ಒಳಗೆ ಹೊರಗೆ ಸಾಗಿಸುವ ಪಂಪುಗಳು ನಿಲ್ಲುತ್ತವೆ. ಸಾಮಾನ್ಯ ದಿನಗಳಲ್ಲಿ ಹನಿಹನಿಯಾಗಿ ಬಿಡುಗಡೆಯಾಗಿ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಕೊಡ ಮಗುಚಿದಂತೆ ಚೆಲ್ಲಿಹೋಗುತ್ತದೆ. ಅದರ ಹೊಡೆತಕ್ಕೆ ಪಕ್ಕದ ಕೋಶಗಳ ಬಾಗಿಲು ತೆರೆದು ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶದ ವಿದ್ಯುತ್ ಮನೆಯಾದ ಮೈಟೊಕಾಂಡ್ರಿಯ ಹಾಳಾಗುತ್ತದೆ, ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಸುಡುವ ಫ್ರೀ ರ್‍ಯಾಡಿಕಲ್‌ಗಳು ಹೊರಬೀಳುತ್ತವೆ. ಕೆಲವು ಕೋಶಗಳು ತಮ್ಮನ್ನು ತಾವೇ ಮುಗಿಸಿಕೊಳ್ಳುವ ಆದೇಶ ಹೊರಡಿಸುತ್ತವೆ. ಇದೆಲ್ಲ ಮೊದಲ ಗಂಟೆಗಳ ಮಾತಾಯಿತು. ಮುಂದಿನ ದಿನಗಳಲ್ಲಿ ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಗಳು ಕೆರಳಿ, ಸತ್ತವರ ಜೊತೆ ಬದುಕಿರುವವರನ್ನೂ ಹೊಡೆಯತೊಡಗುತ್ತವೆ.

ಈಸ್ಟ್ರೋಜೆನ್ ಈ ಸರಪಳಿಯ ಹಲವು ಕೊಂಡಿಗಳ ಮೇಲೆ ಕೈಯಿಡುತ್ತದೆ. ರಕ್ತನಾಳದ ಒಳಗೋಡೆಯಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸಿ ನಾಳ ಹಿಗ್ಗುವಂತೆ ಮಾಡುತ್ತದೆ, ಅರೆನೆರಳಿಗೆ ಒಂದಿಷ್ಟು ಹೆಚ್ಚು ಬಸಿನೀರು ಸಿಗುತ್ತದೆ. ಕೋಶದ ಆತ್ಮಹತ್ಯೆಯ ಆದೇಶವನ್ನು ತಡೆಯುವ ಬಿಸಿಎಲ್-2 ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಮೈಕ್ರೋಗ್ಲಿಯಗಳ ಸಿಟ್ಟು ಇಳಿಸುತ್ತದೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸೋರದಂತೆ ನೋಡಿಕೊಳ್ಳುತ್ತದೆ. ಅದರ ಅಣುವಿನ ಒಂದು ತುದಿಯಲ್ಲಿ ಫೀನಾಲ್ ಉಂಗುರವಿದೆ. ಫ್ರೀ ರ್‍ಯಾಡಿಕಲ್‌ಗಳನ್ನು ತಣಿಸುವ ಗುಣ ಅದಕ್ಕೇ ಇದೆ. ಇದರಲ್ಲಿ ಹಲವು ಕೆಲಸಗಳಿಗೆ ಅದು ಕೋಶದ ಒಂದು ಬೀಗದೊಳಗೆ ಕೀಲಿಯಂತೆ ಕೂರಬೇಕು. ಬೀಗಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ ಮುಖ್ಯ. ಎರಡರಲ್ಲಿ ಯಾವುದು ಲಕ್ವದ ಹೊತ್ತಿಗೆ ಬೇಕು ಎಂದು ಒಂದೊಂದು ಬೀಗವಿಲ್ಲದ ಇಲಿಗಳನ್ನು ಇಟ್ಟುಕೊಂಡು ವೈಸ್ ಅವರ ತಂಡ ಪರೀಕ್ಷಿಸಿತು. 2001ರಲ್ಲಿ ಬಂದ ಉತ್ತರ: ಆಲ್ಫಾ. ಈ ಆಲ್ಫಾ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹೆಂಗಸರ ವಿಷಯವೆಂದು ಗಂಡಸರು ಯಾರಾದರೂ ಇಷ್ಟರಲ್ಲಿ ಪುಟ ತಿರುಗಿಸಿದ್ದರೆ ವಾಪಸ್ ಬರಬೇಕು. ಗಂಡಿನ ಮೈಯಲ್ಲೂ ಈಸ್ಟ್ರೋಜೆನ್ ಇದೆ. ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರೋನನ್ನು ಎಸ್ಟ್ರಡೈಯಾಲ್ ಆಗಿ ಬದಲಿಸುತ್ತದೆ. ಮುಟ್ಟು ನಿಂತ ಅರವತ್ತೈದರ ಹೆಂಡತಿಯ ರಕ್ತದಲ್ಲಿರುವುದಕ್ಕಿಂತ ಎಪ್ಪತ್ತರ ಗಂಡನ ರಕ್ತದಲ್ಲಿ ಎಸ್ಟ್ರಡೈಯಾಲ್ ಸಾಮಾನ್ಯವಾಗಿ ಹೆಚ್ಚಿರುತ್ತದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ಈ ಬದಲಾವಣೆ ಮಿದುಳಿನೊಳಗೇ ನಡೆಯುತ್ತದೆ ಎಂದು 1970ರ ದಶಕದಲ್ಲಿ ಫ್ರೆಡರಿಕ್ ನಾಫ್ಟೊಲಿನ್ ಮತ್ತವರ ಸಂಗಡಿಗರು ತೋರಿಸಿದರು. ಎಂದರೆ ಮಿದುಳು ತನ್ನ ಈಸ್ಟ್ರೋಜೆನ್ನನ್ನು ಪೂರ್ತಿಯಾಗಿ ಹೊರಗಿನಿಂದ ತರಿಸಿಕೊಳ್ಳುವುದಿಲ್ಲ, ಒಂದಿಷ್ಟನ್ನು ತಾನೇ ಬೇಯಿಸಿಕೊಳ್ಳುತ್ತದೆ. 1999ರಲ್ಲಿ ಮ್ಯಾಡ್ರಿಡ್‌ನ ಲೂಯಿಸ್ ಗಾರ್ಸಿಯಾ-ಸೆಗುರಾ ಅವರ ತಂಡ ಇನ್ನೂ ಸ್ವಾರಸ್ಯದ ಸಂಗತಿ ಕಂಡಿತು. ಮಿದುಳಿಗೆ ಗಾಯವಾದರೆ ಅದರ ಸುತ್ತಲಿನ ಆಸ್ಟ್ರೊಸೈಟ್‌ಗಳು ಅರೋಮಟೇಸ್ ತಯಾರಿಸಲು ಶುರುಮಾಡುತ್ತವೆ. ಆಸ್ಟ್ರೊಸೈಟ್ ಎಂದರೆ ನಕ್ಷತ್ರದಾಕಾರದ ಪೋಷಕ ಕೋಶ. ನರಕೋಶಗಳಿಗೆ ಊಟ ಬಡಿಸುವುದು, ಚೆಲ್ಲಿದ್ದನ್ನು ಒರೆಸುವುದು ಅದರ ನಿತ್ಯದ ಕೆಲಸ, ಈ ಅರೋಮಟೇಸ್ ಕೆಲಸವನ್ನು ಅದು ಮಾಮೂಲಿಯಾಗಿ ಮಾಡುವುದಿಲ್ಲ. ಗಾಯದ ಕರೆ ಬಂದಾಗ ಮಾತ್ರ ಆ ಒಲೆ ಹಚ್ಚುತ್ತದೆ. ಝೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯಲ್ಲಿ ಇದು ಇನ್ನೂ ಚುರುಕು. ಗಾಯದ ಸುತ್ತ ಅರೋಮಟೇಸ್ ಬೇಗನೆ ಏರುತ್ತದೆ, ಅದನ್ನು ಔಷಧಿ ಹಾಕಿ ತಡೆದರೆ ಗಾಯ ಹಿಗ್ಗುತ್ತದೆ.

ಇಲಿಗಳಲ್ಲೂ ಹಾಗೆಯೇ. ಅರೋಮಟೇಸ್ ಇಲ್ಲದಂತೆ ಬೆಳೆಸಿದ ಹೆಣ್ಣು ಇಲಿಗಳಲ್ಲಿ ಲಕ್ವದ ಹಾನಿ ಹೆಚ್ಚೆಂದು ಲೂಯಿಸ್ ಮೆಕಲ್ಲೊ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. 2020ರಲ್ಲಿ ಅಮೆರಿಕದ ಆಗಸ್ಟಾ ವಿಶ್ವವಿದ್ಯಾಲಯದ ಡ್ಯಾರೆಲ್ ಬ್ರಾನ್ ಅವರ ತಂಡ ಆಸ್ಟ್ರೊಸೈಟ್‌ಗಳಲ್ಲಿ ಮಾತ್ರ ಈ ಕಿಣ್ವವನ್ನು ಅಳಿಸಿ ನೋಡಿತು. ಉಳಿದ ಮೈಯ ಅರೋಮಟೇಸ್ ಹಾಗೇ ಇತ್ತು, ಆದರೂ ರಕ್ತ ನಿಂತ ಮೇಲೆ ಸತ್ತ ನರಕೋಶಗಳ ಸಂಖ್ಯೆ ಹೆಚ್ಚಿತು. ಲಕ್ವದ ಹೊತ್ತಿನಲ್ಲಿ ಮಿದುಳಿಗೆ ಒದಗುವುದರಲ್ಲಿ ಅದು ತಾನೇ ಅಲ್ಲೇ ಬೇಯಿಸಿಕೊಂಡದ್ದಕ್ಕೂ ದೊಡ್ಡ ಪಾಲಿದೆ ಎಂದಾಯಿತು.

ಇಲ್ಲಿಗೆ ಅತ್ತಿಗೆಯ ಪಕ್ಷ ಗೆದ್ದಂತೆ ಕಾಣುತ್ತದೆ. ಈಗ ಅವರ ಅಕ್ಕನ ಸರದಿ.

ಇಲಿಯಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ಮನುಷ್ಯರಲ್ಲಿ ನೋಡದೆ ಬಿಡುತ್ತಾರೆಯೇ? ಅಮೆರಿಕದಲ್ಲಿ, ಆಗಷ್ಟೇ ಹೆಪ್ಪಿನ ಲಕ್ವವೋ ಅದರ ಮುನ್ಸೂಚನೆಯಂಥ ಕಿರುಲಕ್ವವೋ ಆಗಿದ್ದ, ಮುಟ್ಟು ನಿಂತ 664 ಹೆಂಗಸರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 71. ಅರ್ಧದಷ್ಟು ಜನರಿಗೆ ದಿನಕ್ಕೆ ಒಂದು ಮಿಲಿಗ್ರಾಂ ಎಸ್ಟ್ರಡೈಯಾಲ್ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಸರಾಸರಿ 2.8 ವರ್ಷ ಕಾದರು. 2001ರಲ್ಲಿ ಫಲಿತಾಂಶ ಬಂತು. ಸಾವೂ ಕಡಿಮೆಯಾಗಲಿಲ್ಲ, ಮತ್ತೊಂದು ಲಕ್ವವೂ ತಪ್ಪಲಿಲ್ಲ. ಲಕ್ವದಿಂದಲೇ ಸತ್ತವರನ್ನು ಬೇರೆಯಾಗಿ ಎಣಿಸಿದರೆ ಎಸ್ಟ್ರಡೈಯಾಲ್ ನುಂಗಿದವರಲ್ಲಿ ಅಪಾಯ ಸುಮಾರು ಮೂರು ಪಟ್ಟು; ಸಂಖ್ಯೆ ಚಿಕ್ಕದು, ಆದರೆ ಸಮಾಧಾನ ಕೊಡುವಂಥದ್ದಲ್ಲ.

ಮರುವರ್ಷ ಇನ್ನೂ ದೊಡ್ಡ ಪೆಟ್ಟು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಭಾರೀ ಅಧ್ಯಯನದ ಒಂದು ಭಾಗದಲ್ಲಿ 16,608 ಹೆಂಗಸರಿದ್ದರು, ವಯಸ್ಸು 50ರಿಂದ 79. ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಹೃದಯದ ತೊಂದರೆಗಳ ಜೊತೆಗೆ ಲಕ್ವವೂ ಹೆಚ್ಚಿತ್ತು. 2002ರ ಜುಲೈನಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಗರ್ಭಕೋಶ ತೆಗೆಸಿಕೊಂಡ 10,739 ಮಂದಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುತ್ತಿದ್ದ ಇನ್ನೊಂದು ಭಾಗ 2004ರಲ್ಲಿ ನಿಂತಿತು, ಅಲ್ಲಿ ನಿಲ್ಲಿಸಲು ಮುಖ್ಯ ಕಾರಣವೇ ಲಕ್ವ. (ಆ ಮಾತ್ರೆ ತಯಾರಾಗುತ್ತಿದ್ದುದು ಗಬ್ಬದ ಹೆಣ್ಣುಕುದುರೆಗಳ ಮೂತ್ರದಿಂದ. 1942ರಿಂದ ಅಮೆರಿಕದ ಅಂಗಡಿಗಳಲ್ಲಿದ್ದ ಸರಕು ಅದು. ಗೋಮೂತ್ರದ ಮಾತೆತ್ತಿದರೆ ನಗುವ ಗೆಳತಿಯೊಬ್ಬಳಿಗೆ ಇದನ್ನು ಹೇಳಿ ಸೇಡು ತೀರಿಸಿಕೊಂಡಿದ್ದೇನೆ.)

ಸುದ್ದಿ ಜಗತ್ತೆಲ್ಲ ಹಬ್ಬಿತು. ಅಕ್ಕನ ಡಾಕ್ಟರು "ಬೇಡವೇ ಬೇಡ" ಎಂದದ್ದರ ಬೇರು ಇಲ್ಲಿದೆ. ಪತ್ರಿಕೆಗಳು ಆಗ ಶೇಕಡಾವಾರು ಏರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿದವು, ಲಕ್ವಕ್ಕೆ ನಲವತ್ತರ ಆಸುಪಾಸು. ಒಟ್ಟು ಲೆಕ್ಕದಲ್ಲಿ ಅದೆಷ್ಟು? ಎರಡೂ ಔಷಧಿ ಸೇರಿದ ಗುಂಪಿನಲ್ಲಿ ಹತ್ತು ಸಾವಿರ ಹೆಂಗಸರು ಒಂದು ವರ್ಷ ಮಾತ್ರೆ ನುಂಗಿದರೆ ಎಂಟು ಲಕ್ವ ಹೆಚ್ಚು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಹನ್ನೆರಡು. ಉಪೇಕ್ಷಿಸುವಷ್ಟು ಚಿಕ್ಕದೂ ಅಲ್ಲ, ಕಂಗೆಡುವಷ್ಟು ದೊಡ್ಡದೂ ಅಲ್ಲ.

ಹಾಗಾದರೆ ಇಲಿಗಳು ಸುಳ್ಳು ಹೇಳಿದವೇ? ಇಲಿಗಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಪ್ರಯೋಗಾಲಯದಲ್ಲಿದ್ದವು ಹರೆಯದ, ಗಟ್ಟಿಮುಟ್ಟಾದ ಇಲಿಗಳು. ಅಂಡಾಶಯ ತೆಗೆದ ಬೆನ್ನಿಗೇ ಹಾರ್ಮೋನು ಸಿಕ್ಕಿತ್ತು, ಅದೂ ಹೆಚ್ಚಿನ ಸಲ ಲಕ್ವಕ್ಕೆ ಮೊದಲೇ. ಆಸ್ಪತ್ರೆಯಲ್ಲಿದ್ದವರು ಎಪ್ಪತ್ತರ ಅಜ್ಜಿಯರು. ಅಂಡಾಶಯ ಸುಮ್ಮನಾಗಿ ಇಪ್ಪತ್ತು ವರ್ಷ ಕಳೆದಿತ್ತು, ರಕ್ತನಾಳಗಳಲ್ಲಿ ಕೊಬ್ಬಿನ ಗಾರೆ ಕಟ್ಟಿತ್ತು, ಬಿಪಿ ಇತ್ತು, ಸಕ್ಕರೆ ಇತ್ತು.

2007ರಲ್ಲಿ ವೈಸ್ ಅವರ ತಂಡ ಈ ಅಂತರವನ್ನೇ ಇಲಿಗಳಲ್ಲಿ ಮರುಸೃಷ್ಟಿಸಿತು. ಒಂದು ಗುಂಪಿಗೆ ಅಂಡಾಶಯ ತೆಗೆದ ಕೂಡಲೇ ಎಸ್ಟ್ರಡೈಯಾಲ್ ಕೊಟ್ಟರು, ಇನ್ನೊಂದಕ್ಕೆ ಹತ್ತು ವಾರ ಬಿಟ್ಟು ಕೊಟ್ಟರು. ಎರಡು ಮೂರು ವರ್ಷ ಬದುಕುವ ಪ್ರಾಣಿಗೆ ಹತ್ತು ವಾರ ಎಂದರೆ ನಮ್ಮ ಲೆಕ್ಕದಲ್ಲಿ ಕೆಲವು ವರ್ಷಗಳೇ. ಕೂಡಲೇ ಸಿಕ್ಕ ಇಲಿಗಳ ಮಿದುಳು ಉಳಿಯಿತು. ತಡವಾಗಿ ಸಿಕ್ಕವಕ್ಕೆ ಏನೂ ಪ್ರಯೋಜನವಾಗಲಿಲ್ಲ, ಉರಿಯೂತವೂ ತಣಿಯಲಿಲ್ಲ. ಟೆಕ್ಸಾಸ್‌ನ ಫರೀದಾ ಸೊಹ್ರಾಬ್ಜಿ ಅವರ ಪ್ರಯೋಗಾಲಯ ಮುಪ್ಪಿನ ಹೆಣ್ಣು ಇಲಿಗಳನ್ನು ನೋಡಿದಾಗ ಅದೇ ಹಾರ್ಮೋನು ಹಾನಿಯನ್ನು ಹೆಚ್ಚಿಸಿತ್ತು.

ಕಾರಣದ ಒಂದು ಎಳೆ 2011ರಲ್ಲಿ ಬ್ರಾನ್ ಅವರ ತಂಡಕ್ಕೆ ಸಿಕ್ಕಿತು. ಬಹುಕಾಲ ಈಸ್ಟ್ರೋಜೆನ್ ಕಾಣದ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಆ ಆಲ್ಫಾ ಬೀಗಗಳೇ ಕಡಿಮೆಯಾಗಿದ್ದವು. ಕೋಶ ಅವುಗಳಿಗೆ ಚೀಟಿ ಅಂಟಿಸಿ ಗುಜರಿಗೆ ಕಳಿಸಿಬಿಟ್ಟಿತ್ತು. ಮಗ ಊರು ಬಿಟ್ಟು ವರ್ಷಗಳಾದ ಮೇಲೆ ಮನೆಯವರು ಬಾಗಿಲ ಬೀಗ ಬದಲಿಸಿದಂತೆ. ಅವನು ಹಳೇ ಕೀಲಿ ಹಿಡಿದು ಬಂದರೆ ಏನು ಮಾಡಿಯಾನು?

ಇನ್ನೊಂದು ಎಳೆ ಮಿದುಳಿನಾಚೆಗಿನದು. ನುಂಗಿದ ಮಾತ್ರೆ ಹೊಟ್ಟೆಯಿಂದ ನೇರ ಯಕೃತ್ತಿಗೆ ಹೋಗುತ್ತದೆ. ಅಷ್ಟೊಂದು ಈಸ್ಟ್ರೋಜೆನ್ ಒಮ್ಮೆಲೇ ಬಂದರೆ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚು ತಯಾರಿಸುತ್ತದೆ. ನರಕೋಶವನ್ನು ಕಾಯುವ ಅಣುವೇ ನಾಳದಲ್ಲಿ ಹೆಪ್ಪಿಗೆ ದಾರಿ ಮಾಡುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಈ ಯಕೃತ್ತಿನ ಮೊದಲ ಭೇಟಿ ತಪ್ಪುತ್ತದೆ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಜಾಲಾಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 50 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯ ಪಟ್ಟಿ ಬಳಸಿದವರಲ್ಲಿ ಲಕ್ವ ಹೆಚ್ಚಿರಲಿಲ್ಲ, ಮಾತ್ರೆ ನುಂಗಿದವರಲ್ಲಿ ಹೆಚ್ಚಿತ್ತು. ಇದು ದಾಖಲೆ ನೋಡಿ ಹೇಳಿದ್ದು, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪರೀಕ್ಷೆಯಷ್ಟು ಗಟ್ಟಿಯಲ್ಲ. ಆದರೂ ಯಕೃತ್ತಿನ ಕಥೆಗೆ ಹೊಂದುತ್ತದೆ.

ಹಾಗೆಂದು ಲಕ್ವವಾದವರಿಗೆ ಕೂಡಲೇ ಈಸ್ಟ್ರೋಜೆನ್ ಚುಚ್ಚಿದರೆ ಹೇಗೆ ಎಂದು ಹಾರುವುದು ಬೇಡ. ಸೋದರ ಹಾರ್ಮೋನು ಪ್ರೊಜೆಸ್ಟಿರೋನಿನ ಪಾಡು ಕಣ್ಣ ಮುಂದಿದೆ. ತಲೆಗೆ ಪೆಟ್ಟಾದ ಇಲಿಗಳಲ್ಲಿ ಅದು ದಶಕಗಳ ಕಾಲ ಭರವಸೆ ಹುಟ್ಟಿಸಿತ್ತು. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಮಾನವ ಪರೀಕ್ಷೆಗಳಲ್ಲೂ, ಎರಡೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು, ಹುಸಿ ಔಷಧಿಗಿಂತ ಒಂದಿಷ್ಟೂ ಮೇಲಾಗಲಿಲ್ಲ. ಇವತ್ತು ಲಕ್ವದ ಚಿಕಿತ್ಸೆಯಾಗಿ ಈಸ್ಟ್ರೋಜೆನ್ ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ, ಲಕ್ವ ತಪ್ಪಿಸಲೆಂದು ಅದನ್ನು ಬರೆದುಕೊಡುವ ನಿಯಮವೂ ಇಲ್ಲ. ಹೊರಗಿನಿಂದ ತುಂಬುವ ಬದಲು ಆಸ್ಟ್ರೊಸೈಟ್‌ನ ಒಲೆಯನ್ನೇ ಬೇಕಾದಾಗ ಊದುವ ದಾರಿ ಸಿಕ್ಕೀತೇ ಎಂಬ ಹುಡುಕಾಟದ ಮೇಲೆ ನನಗೆ ಹೆಚ್ಚು ಆಸೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸು ನಿಂತದ್ದು ಮಾತ್ರ ಬೇರೆಡೆ. ಮೈಯೇ ಐವತ್ತರವರೆಗೆ ಪುಕ್ಕಟೆಯಾಗಿ ಕೊಡುವುದನ್ನು ನಾವು ಎಷ್ಟು ಸಲೀಸಾಗಿ ಕತ್ತರಿಸಿ ಎಸೆಯುತ್ತಿದ್ದೇವೆ! ನಲವತ್ತೆರಡಕ್ಕೆ ಮೊದಲೇ ಮುಟ್ಟು ನಿಂತವರಲ್ಲಿ ಮುಂದೆ ಹೆಪ್ಪಿನ ಲಕ್ವದ ಅಪಾಯ ಎರಡು ಪಟ್ಟಿತ್ತು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಹೆಂಗಸರ ಅಧ್ಯಯನ 2009ರಲ್ಲಿ ಹೇಳಿತು. ನಮ್ಮಲ್ಲಿ "ಚೀಲ ತೆಗೆಸಿದ್ದು" ಎಂಬುದು ಹಲ್ಲು ಕೀಳಿಸಿದಷ್ಟು ಮಾಮೂಲಿ ಮಾತಾಗಿದೆ. ಬಿಳಿಮುಟ್ಟು ಎಂದರೂ ಚೀಲ, ಹೊಟ್ಟೆನೋವು ಎಂದರೂ ಚೀಲ. ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಎಳೆಯ ವಯಸ್ಸಿನ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದರೆಂದು ಹೋದ ದಶಕದಲ್ಲಿ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಮಹಾರಾಷ್ಟ್ರದ ಬೀಡ್ ಕಡೆಯಿಂದ ನಮ್ಮ ಕಬ್ಬಿನ ಗದ್ದೆಗಳಿಗೂ ಬರುವ ಕಟಾವಿನ ಹೆಂಗಸರ ಗರ್ಭಕೋಶಗಳೂ ಹೀಗೇ ಹೋದ ಕಥೆ 2019ರಲ್ಲಿ ಬಯಲಾಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು.

ಗರ್ಭಕೋಶ ಈಸ್ಟ್ರೋಜೆನ್ ತಯಾರಿಸುವುದಿಲ್ಲ, ಅದು ಅಂಡಾಶಯದ ಕೆಲಸ. ಆಪರೇಷನ್ನಿನಲ್ಲಿ ಅಂಡಾಶಯ ಉಳಿಸಿದರೆ ಹಾರ್ಮೋನು ಸಿಗುತ್ತಿರುತ್ತದೆ, ಸಾಮಾನ್ಯಕ್ಕಿಂತ ತುಸು ಬೇಗ ಬತ್ತಬಹುದು ಅಷ್ಟೆ. ಎರಡೂ ಅಂಡಾಶಯ ಹೋದರೆ ಮೂವತ್ತೈದರವಳ ಮಿದುಳು ಒಂದೇ ರಾತ್ರಿಯಲ್ಲಿ ಮುಟ್ಟು ನಿಂತವಳ ಮಿದುಳಾಗುತ್ತದೆ. ಅಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂದೇ ತಜ್ಞರ ಸಲಹೆ ಇದೆ. "ಬೇಡವೇ ಬೇಡ" ಎಂಬ ಮಾತು ಅವರಿಗಲ್ಲ. ತಾಂಡಾದಲ್ಲಿ ಅದನ್ನು ಹೇಳುವವರು ಯಾರು, ಬರೆದುಕೊಡುವವರು ಯಾರು?

ಅತ್ತಿಗೆಗೆ ಆಮೇಲೆ ಫೋನಿನಲ್ಲಿ ನನಗೆ ತಿಳಿದಷ್ಟು ಹೇಳಿದೆ. ಬಿಸಿ, ಬೆವರು ತಡೆಯಲಾಗದಿದ್ದರೆ ಸ್ತ್ರೀರೋಗ ತಜ್ಞೆಯ ಹತ್ತಿರ ಕೂತು ಮಾತಾಡಿ, ಪಟ್ಟಿಯ ಬಗ್ಗೆಯೂ ಕೇಳಿ. ಲಕ್ವದ ಭಯಕ್ಕಾದರೆ ಮೊದಲು ಬಿಪಿ ನೋಡಿಸಿಕೊಳ್ಳಿ, ಉಪ್ಪಿನಕಾಯಿ ಕಡಿಮೆ ಮಾಡಿ. ಅವರಿಗೆ ಉಪ್ಪಿನಕಾಯಿಯ ಮಾತು ಬೇಸರ ತಂದಿತು.

ಅವರ ಅಕ್ಕ ಫೋನು ಇಸಿದುಕೊಂಡರು. ಅವರಿಗೆ ಈಗ ಐವತ್ತಮೂರು, ಚೀಲದ ಆಪರೇಷನ್ ಆದದ್ದು ಮೂವತ್ತಾರಕ್ಕೆ. ಅಂಡಾಶಯ ಉಳಿಸಿದಾರಾ, ತೆಗೆದಿದಾರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದನ್ನೆಲ್ಲ ಯಾರು ಹೇಳ್ತಾರೆ, ಯಾರು ಕೇಳ್ತಾರೆ? ನಿಮ್ಮ ಭಾವನವರು ಸಹಿ ಹಾಕಿದ್ರು" ಎಂದರು. ಕಾಗದಗಳು ಊರಿನ ಮನೆಯ ಟ್ರಂಕಿನಲ್ಲಿರಬೇಕಂತೆ. ಹಬ್ಬಕ್ಕೆ ಹೋದಾಗ ಹುಡುಕಿಸುತ್ತೇನೆ ಎಂದಿದ್ದಾರೆ.